ಕುದುರೆ ಚಿತ್ರ ಕೇಳಿದ ಗೆಳೆಯನಿಗೆ

ಪ್ರೀತಿಯ ಶ್ರೀಧರ,

ಹೊಸ ಮನೆಯ ಪಡಸಾಲೆಗೆ ಇಂಗ್ಲೆಂಡಿನ ಹಳೆಯ ರೇಸ್ ಕುದುರೆಯ ಅಚ್ಚುಚಿತ್ರವೊಂದನ್ನು ಹುಡುಕಿಕೊಡು ಎಂದು ಬರೆದಿದ್ದೀಯ. ಇಲ್ಲಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ಆದರೆ ನನಗೆ ಅವುಗಳ ಮೇಲೆ ಮೋಹ ಕಡಿಮೆ. ಮಿರಿಮಿರಿ ಮಿಂಚುವ ಮೈ, ಕಡ್ಡಿಯಂಥ ಕಾಲು, ಪಕ್ಕದಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ನಿಂತ ಒಡೆಯ! ಓಟದ ಚಿತ್ರವಾದರಂತೂ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಕುದುರೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಯಾವ ಕುದುರೆಯೂ ಹಾಗೆ ಓಡುವುದಿಲ್ಲ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಅದನ್ನು ತೋರಿಸಿಕೊಟ್ಟ. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಹೊಟ್ಟೆಯಡಿಗೆ ಮಡಿಸಿಕೊಂಡಿರುವಾಗ.

ಶ್ರೀಮಂತರ ಕುದುರೆಗಳನ್ನು ಬರೆದವರಲ್ಲಿ ಜಾರ್ಜ್ ಸ್ಟಬ್ಸ್‌ನನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸುಮಾರು ಒಂದೂವರೆ ವರ್ಷ ಸತ್ತ ಕುದುರೆಗಳನ್ನು ತೂಗುಹಾಕಿ, ಪದರ ಪದರವಾಗಿ ಬಿಡಿಸಿ ಚಿತ್ರ ಬರೆದ ಗಟ್ಟಿಗ. ಆ ನಾತ ತಡೆದುಕೊಂಡವನ ಕುದುರೆಯ ಕಾಲನ್ನು ನಂಬಬಹುದು. ಆ ಚಿತ್ರಗಳನ್ನು ಅಚ್ಚಿಗಾಗಿ ತಾಮ್ರದ ತಗಡಿನ ಮೇಲೆ ಕೆತ್ತಲು ಲಂಡನ್ನಿನ ಕೆತ್ತನೆಗಾರರು ಒಪ್ಪದೆ ಹೋದಾಗ ತಾನೇ ಕೆತ್ತಿ 1766ರಲ್ಲಿ ಪುಸ್ತಕ ತಂದ. ಅದರ ಮೂಲ ಹಾಳೆಗಳು ನಮ್ಮಂಥವರ ಕೈಗೆಟುಕುವುದಿಲ್ಲ ಬಿಡು.

ನಿನಗೆ ನಾನು ಹುಡುಕುವುದು ಥಾಮಸ್ ಬೀವಿಕ್‌ನ ಚಿತ್ರ. 1753ರಲ್ಲಿ ಹುಟ್ಟಿದ, ನ್ಯೂಕ್ಯಾಸಲ್ ಕಡೆಯ ರೈತನ ಮಗ. ತಾಮ್ರದ ಮೇಲೆ ಎಳೆಯುವ ಚೂಪು ಉಳಿಯನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ಮೇಲೆ ಆಡಿಸಿದವನು. ಮರದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಕೂರಿಸಿ ಒಂದೇ ಸಲಕ್ಕೆ ಒತ್ತಬಹುದು. ತಾಮ್ರದ ತಗಡಿಗೆ ಬೇರೆಯದೇ ಯಂತ್ರ ಬೇಕು. ಹಾಗಾಗಿ ಚಿತ್ರವಿರುವ ಪುಸ್ತಕ ಅಗ್ಗವಾಯಿತು. 1790ರ ಅವನ ಪ್ರಾಣಿಗಳ ಪುಸ್ತಕದಲ್ಲಿ ಬಂಡಿ ಎಳೆಯುವ ಕುದುರೆಗೂ ಜಾಗವಿದೆ. ಆದರೆ ನನ್ನ ಜೀವ ಇರುವುದು ಅವನ ಪುಸ್ತಕಗಳಲ್ಲಿ ಅಧ್ಯಾಯ ಮುಗಿದ ಖಾಲಿ ಜಾಗಕ್ಕೆ ತುಂಬಿದ ಪುಟಾಣಿ ಚಿತ್ರಗಳಲ್ಲಿ. ಪುಟ್ಟ ಮಗುವೊಂದು ಕುದುರೆಮರಿಯ ಬಾಲ ಹಿಡಿದೆಳೆಯುತ್ತಿದೆ, ಅಮ್ಮ ಗಾಬರಿಯಿಂದ ಓಡಿ ಬರುತ್ತಿದ್ದಾಳೆ. ಇನ್ನೊಂದರಲ್ಲಿ ಸೇತುವೆಯ ಸುಂಕ ಉಳಿಸಲು ರೈತನೊಬ್ಬ ಹಸುವಿನ ಬಾಲ ಹಿಡಿದು ಹೊಳೆ ದಾಟುತ್ತಿದ್ದಾನೆ, ಟೋಪಿ ನೀರುಪಾಲು! ಸುಂಕಕ್ಕಿಂತ ಟೋಪಿ ದುಬಾರಿ ಎಂದು ಬೇರೆ ಹೇಳಬೇಕೆ?

ಅವನು ಸಾಯುವ ವರ್ಷ, 1828ರಲ್ಲಿ, ಕೆತ್ತುತ್ತಿದ್ದುದು ದೊಡ್ಡ ಅಚ್ಚು: ಮೂಳೆ ಎದ್ದ ಮುದಿ ಕುದುರೆ ಬಯಲಿನಲ್ಲಿ ಸಾವಿಗಾಗಿ ಕಾಯುತ್ತಿದೆ. ಬಡವರ ಗೋಡೆಗೆ ಅಂಟಿಸುವಷ್ಟು ಅಗ್ಗದ ಚಿತ್ರವಾಗಲಿ ಎಂಬುದು ಅವನ ಆಸೆ. ಅದು ಪೂರ್ತಿಯಾಗಲಿಲ್ಲ, ಮಗ ರಾಬರ್ಟ್ 1832ರಲ್ಲಿ ಹೊರತಂದ. ಜಟಕಾ ಕುದುರೆ ಮುದಿಯಾದ ಮೇಲೂ ಮಾರದೆ ಹುಲ್ಲು ಹಾಕಿದ ನಿಮ್ಮ ತಾತ ಇದ್ದಿದ್ದರೆ ಇದನ್ನೇ ಕೇಳುತ್ತಿದ್ದರೇನೋ.

ನೀನೇ ಎಲ್ಲಾದರೂ ಕೊಳ್ಳುವುದಾದರೆ ಭೂತಗನ್ನಡಿ ಇಟ್ಟು ನೋಡು. ಗೆರೆಗಳ ಬದಲು ಸಾಲುಸಾಲು ಚುಕ್ಕೆ ಕಂಡರೆ ಅದು ಈಚಿನ ಮುದ್ರಣ, ವಾಪಸು ಕೊಡು. ತಾಮ್ರದ ಅಚ್ಚಾದರೆ ಅಂಚಿನ ಸುತ್ತ ತಗಡು ಒತ್ತಿದ ಕುಳಿ ಇರಬೇಕು, ಮರದ ಅಚ್ಚಿಗೆ ಅದಿಲ್ಲ. ಕೆಳಗೆ ಅಚ್ಚಾದ ಇಸವಿಯನ್ನು ಮಾತ್ರ ನಂಬಬೇಡ. ಅದೇ ತಗಡಿನಿಂದ ಎಷ್ಟೋ ವರ್ಷ ಬಿಟ್ಟು ಒತ್ತಿದರೂ ಅದೇ ಇಸವಿ ಬೀಳುತ್ತದೆ. ಕಾಗದವನ್ನು ಬೆಳಕಿಗೆ ಹಿಡಿ. ಅದರೊಳಗೆ ವಾಟ್ಮನ್ ಎಂಬ ಕಾಗದ ತಯಾರಕರ ಹೆಸರಿನ ಜೊತೆ ವರ್ಷವೂ ಕಂಡರೆ, ಆ ವರ್ಷಕ್ಕಿಂತ ಮೊದಲು ಒತ್ತಿದ್ದಲ್ಲ ಎಂಬುದಾದರೂ ಖಾತ್ರಿ. ಬೀವಿಕ್‌ನ ಚಿತ್ರದ ಹಿಂಬದಿಯಲ್ಲಿ ಅಕ್ಷರಗಳಿದ್ದರೆ ಯಾರೋ ಪುಸ್ತಕ ಹರಿದಿದ್ದಾರೆಂದೇ ಅರ್ಥ. ಬಿಡಿ ಹಾಳೆಗೆ ಹೆಚ್ಚು ದುಡ್ಡು ಹುಟ್ಟುತ್ತದೆಂದು ಇಡೀ ಪುಸ್ತಕ ಕೊಲ್ಲುವ ವ್ಯಾಪಾರಿಗಳ ಹತ್ತಿರ ನಾನು ಕೊಳ್ಳುವುದಿಲ್ಲ, ನೀನೂ ಕೊಳ್ಳಬೇಡ.

ಬೆನ್ನು ಕಿತ್ತುಹೋದ ಇಡೀ ಪುಸ್ತಕವೇ ಸಿಕ್ಕರೆ ಕಳಿಸಲೇ? ಗೋಡೆಗೆ ಬರುವುದಿಲ್ಲ, ಮೇಜಿನ ಮೇಲಿಡಬೇಕು. ಗೋಡೆಗೇ ಬೇಕು ಎಂದು ಹಟವಿದ್ದರೆ ಬಿಸಿಲು ಬೀಳದ ಗೋಡೆ ಆರಿಸಿ ಅಳತೆ ಬರೆ.

ನಿನ್ನ,
ರಘು