ಮೋಲ್ಡ್ ದಿನ ಸೈಟಿನಲ್ಲಿ ಯಾರಿರುತ್ತಾರೆ?

ಮಾನ್ಯರೇ,

ಮಳೆ ನಿಂತ ಕೂಡಲೇ ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ ಪಾಯ ತೋಡುವ ಕೆಲಸ ಶುರುವಾಗುತ್ತದೆ. ಮನೆ ಕೆಲಸವನ್ನು ಬೆಂಗಳೂರಿನ ದೊಡ್ಡ ಕಂಪನಿಗೆ ಕೊಡುವುದೋ, ಊರಿನ ಮೇಸ್ತ್ರಿಗೋ ಎಂಬ ಚರ್ಚೆಯೂ ಜೊತೆಗೇ ಶುರು. ಅದು ಚದರಕ್ಕೆ ಎಷ್ಟು ಎಂಬಲ್ಲಿಗೇ ಮುಗಿದುಹೋಗುತ್ತದೆ.

ಆ ದರದೊಳಗೆ ಏನಿದೆ ಎಂದು ಮೊದಲು ನೋಡಬೇಕು. ಕಂಪನಿ ದರಪಟ್ಟಿಯಲ್ಲಿ ಸಂಪು, ಕಾಂಪೌಂಡು ಹೊರಗಿರುವುದುಂಟು. ಪಾಯದ ಎತ್ತರ ಎರಡೋ ಮೂರೋ ಅಡಿವರೆಗೆ ಮಾತ್ರ ಎಂಬ ಷರತ್ತೂ ಇರುತ್ತದೆ. ನಮ್ಮ ಇಳಿಜಾರು ಸೈಟುಗಳಲ್ಲಿ ಒಂದು ಮಗ್ಗುಲನ್ನು ಆರು ಅಡಿ ಏರಿಸಬೇಕಾಗುತ್ತದೆ, ತಡೆಗೋಡೆ ಬೇರೆ. ಅದೆಲ್ಲ ‘ಎಕ್ಸ್‌ಟ್ರಾ’. ಮೇಸ್ತ್ರಿಯ ಲೇಬರ್ ದರದಲ್ಲೂ ಸಜ್ಜ, ಮೆಟ್ಟಿಲು, ಬಾಲ್ಕನಿಯನ್ನು ಹೇಗೆ ಅಳೆಯುತ್ತಾರೆಂದು ಬರೆಸಿಕೊಳ್ಳದಿದ್ದರೆ ಕೊನೆಯ ಬಿಲ್ಲಿನಲ್ಲಿ ಜಗಳ ಖಾತ್ರಿ.

ಕಂಪನಿಗೆ ಕೊಟ್ಟರೂ ಸೆಂಟ್ರಿಂಗ್ (ಕಾಂಕ್ರೀಟಿಗೆ ಕೆಳಗೆ ಶೀಟು, ಆಧಾರ ಕೂರಿಸುವುದು), ಕಂಬಿ ಕಟ್ಟುವುದು, ಗಾರೆ ಎಲ್ಲವೂ ಸಾಮಾನ್ಯವಾಗಿ ಒಳಗುತ್ತಿಗೆಗೇ ಹೋಗುತ್ತವೆ. ಕೆಲವೊಮ್ಮೆ ನೀವು ಬೇಡವೆಂದ ಮೇಸ್ತ್ರಿಯೇ ಬಂದು ನಿಲ್ಲುತ್ತಾನೆ! ಸ್ಟ್ರಕ್ಚರಲ್ ಡ್ರಾಯಿಂಗು, ಕಾಗದಪತ್ರ ಕಂಪನಿಯವರಲ್ಲಿ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಊರಿನವರು ಸೋರಿದರೆ ಕರೆದಾಗ ಬರುತ್ತಾರೆ. ಆದರೆ ಒಟ್ಟಿಗೆ ಮೂರು ನಾಲ್ಕು ಮನೆ ಹಿಡಿದಿರುತ್ತಾರೆ. ಡಿಸೆಂಬರಿನಲ್ಲಿ ಆಳುಗಳು ಕಾಫಿ ಕೊಯ್ಲಿಗೆ ಹೋದರೆಂದರೆ ಗೋಡೆ ಲಿಂಟಲ್ (ಬಾಗಿಲ ಮೇಲಿನ ತೊಲೆ) ಮಟ್ಟದಲ್ಲೇ ನಿಂತಿರುತ್ತದೆ. ಮೇ ಒಳಗೆ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟು, ಆಗದಿದ್ದರೆ ಒಂದು ಮಳೆಗಾಲ ಹೋಯಿತೆಂದೇ ಲೆಕ್ಕ.

ಇಬ್ಬರ ನಿಜವಾದ ಪರೀಕ್ಷೆ ಆ ಮೋಲ್ಡ್ ದಿನವೇ. 1,000 ಚದರ ಅಡಿ, 5 ಇಂಚಿನ ಸ್ಲ್ಯಾಬ್ ಎಂದರೆ ಸುಮಾರು 11.8 ಘನ ಮೀಟರ್ ಕಾಂಕ್ರೀಟು. ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ 8 ಮೂಟೆಯಂತೆ ಹಿಡಿದರೂ ತೊಲೆ ಬಿಟ್ಟು 94 ಮೂಟೆ ಸಿಮೆಂಟು ಬೇಕು. ಸಂಜೆ ಖಾಲಿ ಚೀಲ ಎಣಿಸಿ, 75 ಬಂದರೆ ಕಾರಣ ಕೇಳಿ. ಮೂಟೆಗೆ ನೀರು 27 ಲೀಟರ್ ಮೀರಬಾರದು. ಎಂ ಸ್ಯಾಂಡ್ ಒದ್ದೆಯಿದ್ದರೆ ಇನ್ನೂ ಕಡಿಮೆ. ಎಳೆಯಲು ಸಲೀಸೆಂದು ಸುರಿದ ಹೆಚ್ಚಿನ ನೀರು ಆರಿಹೋದ ಮೇಲೆ ಸಣ್ಣ ರಂಧ್ರ ಬಿಟ್ಟುಹೋಗುತ್ತದೆ, ಮಲೆನಾಡಿನ ಮಳೆ ಇಳಿಯುವುದು ಅದರಲ್ಲೇ. ಕಂಬಿಯ ಕೆಳಗೆ ಅದನ್ನು ಶೀಟಿನಿಂದ ಎತ್ತಿ ಹಿಡಿಯುವ 20 ಮಿ.ಮೀ. ಕವರ್ ಬ್ಲಾಕ್ ಇರಬೇಕು. ಅದರ ಬದಲು ಜಲ್ಲಿ ಚೂರು ಇಟ್ಟರೆ ತುಳಿತಕ್ಕೆ ಜಾರಿ ಕಂಬಿ ಶೀಟಿಗೆ ಅಂಟುತ್ತದೆ. ಆ ಜಾಗದಲ್ಲಿ ಕೆಲವೇ ವರ್ಷಕ್ಕೆ ತುಕ್ಕು ಹಿಡಿದು ಪ್ಲಾಸ್ಟರಿಂಗ್ ಉದುರುತ್ತದೆ. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ ನೀರು ನಿಲ್ಲಿಸಬೇಕು, ತೊಲೆಯ ಕೆಳಗಿನ ಆಧಾರವನ್ನು 14 ದಿನಕ್ಕೆ ಮೊದಲು ಬಿಚ್ಚಬಾರದು.

ಇದನ್ನೆಲ್ಲ ನೋಡಲು ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಎಂಜಿನಿಯರನ್ನು ನೀವೇ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಪಾಯ, ಪಿಲ್ಲರ್, ಸ್ಲ್ಯಾಬ್, ಮೂರಕ್ಕೂ ಕಾಂಕ್ರೀಟಿಗೆ ಮೊದಲು ಕಂಬಿ ನೋಡಿ, ಮೋಲ್ಡ್ ದಿನ ಸೈಟಿನಲ್ಲಿ ನಿಂತರೆ ಸಾಕು. ಸ್ವಂತ ಸೈಟಿನ ಮನೆಗೆ ಊರಿನ ಗುತ್ತಿಗೆದಾರ ಮತ್ತು ಇಂಥ ಎಂಜಿನಿಯರ್ ಸೇರಿದರೆ ಕಂಪನಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಫ್ಲ್ಯಾಟ್ ಕೊಳ್ಳುವವರ ಲೆಕ್ಕ ಬೇರೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು 8 ದಾಟದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕಡ್ಡಾಯವಲ್ಲ, ಸಣ್ಣ ಬಿಲ್ಡರ್‌ಗಳು ಬಹುಪಾಲು ಇಲ್ಲೇ ಬರುತ್ತಾರೆ. ನೋಂದಣಿಯಿದ್ದ ಕಡೆ ಮಾರಾಟ ಕರಾರಿಗೆ ಮುಂಚೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕಟ್ಟಡದ ದೋಷಕ್ಕೆ 5 ವರ್ಷ ಅವರೇ ಹೊಣೆ.

ಸ್ವಂತ ಮನೆಗೆ ಆ ರಕ್ಷಣೆ ಇಲ್ಲ. ಹಾಗಾಗಿ ಕೊನೆಯ ಶೇ 5 ಹಣವನ್ನು ಗೃಹಪ್ರವೇಶದ ದಿನ ಕೊಡದೆ, ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಕರಾರಿನಲ್ಲೇ ಬರೆಸಿ. ಬೇಸಿಗೆಯಲ್ಲಿ ನುಣ್ಣಗೆ ಕಾಣುವ ಗೋಡೆ ಆಷಾಢದಲ್ಲಿ ಬಾಯಿಬಿಡುತ್ತದೆ.

–ಒಬ್ಬ ಸಿವಿಲ್ ಎಂಜಿನಿಯರ್, ಚಿಕ್ಕಮಗಳೂರು