ಮಕ್ಕಳಿಗೆ ರಂಗಮಂದಿರ ಒಂದು ದಿನ ಮೊದಲೇ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ರಂಗಮಂದಿರಗಳಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮಗಳ ಸಾಲು. ನಾಲ್ಕೈದು ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಕಲೆಹಾಕಿ ಒಂದೇ ನಾಟಕ ಆಡಿಸುವ ಉತ್ಸಾಹವೂ ಅಲ್ಲಲ್ಲಿ ಕಾಣುತ್ತದೆ. ಒಳ್ಳೆಯದೇ. ಆದರೆ ಎಷ್ಟೋ ಕಡೆ ಆ ಮಕ್ಕಳು ರಂಗವನ್ನು ಮೊದಲ ಸಲ ಕಾಣುವುದು ಪರದೆ ಏಳುವ ಅರ್ಧ ಗಂಟೆ ಮೊದಲು. ವಾರಗಟ್ಟಲೆ ಕಲಿತದ್ದು ಮೊದಲ ದೃಶ್ಯದಲ್ಲೇ ಕೆಡುವುದಕ್ಕೆ ಮುಖ್ಯ ಕಾರಣ ಇದು. ಬಾಡಿಗೆ ಉಳಿಸಲು ಒಂದೇ ದಿನಕ್ಕೆ, ಕೆಲವೊಮ್ಮೆ ಅರ್ಧ ದಿನಕ್ಕೆ, ರಂಗಮಂದಿರ ಗೊತ್ತುಮಾಡುವ ಪದ್ಧತಿ ಬದಲಾಗಬೇಕು ಎಂಬುದಷ್ಟೇ ಈ ಪತ್ರದ ಒತ್ತಾಯ.

ಕಂಪನಿ ನಾಟಕಗಳ ಕಾಲದಲ್ಲಿ ಈ ತೊಡಕು ಇರಲಿಲ್ಲ. ರಂಗ ನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಅಲ್ಲಿನ ಬಾಲನಟರಿಗೆ ಹಗ್ಗ, ಹಲಗೆ, ಪರದೆ, ಕತ್ತಲೆ ಎಲ್ಲವೂ ಮನೆಯಂಗಳದಷ್ಟೇ ಪರಿಚಿತ. (ಮಕ್ಕಳಿಗೆ ಆ ಬದುಕೇ ಒಳ್ಳೆಯದಿತ್ತು ಎಂದು ಇದರರ್ಥವಲ್ಲ.) ಇಂದಿನ ಎರಡನೇ ತರಗತಿಯ ಮಗು ಕಿಟಕಿ ಬೆಳಕಿನ ತರಗತಿಯಿಂದ ನೇರವಾಗಿ ರಂಗಕ್ಕೆ ಬರುತ್ತದೆ. ಕಣ್ಣಿಗೆ ಹೊಡೆಯುವ ದೀಪ, ಎದುರಿಗೆ ಬರೀ ಕಪ್ಪು. ಪ್ರೇಕ್ಷಕರೇ ಕಾಣಿಸುವುದಿಲ್ಲ. ಮಗು ಅಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಅಮ್ಮನನ್ನು ಹುಡುಕತೊಡಗುತ್ತದೆ. ಮಾತು ಮರೆತದ್ದಲ್ಲ, ಜಾಗ ಹೊಸದು.

ಶಾಲೆಗಳು ಸೇರಿ ಆಡುವಾಗ ಲೆಕ್ಕ ಹೀಗಿರಲಿ. 5 ಶಾಲೆ, ಶಾಲೆಗೆ 12 ಮಕ್ಕಳು, ಒಟ್ಟು 60. ಇದಕ್ಕಿಂತ ಹೆಚ್ಚಾದರೆ ಗ್ರೀನ್ ರೂಮು ಸಂತೆಯಾಗುತ್ತದೆ. ಒಂದೊಂದು ಶಾಲೆಗೆ 7 ನಿಮಿಷದ ಒಂದೊಂದು ಪ್ರಸಂಗ, ಮೊದಲಿಗೆ ಮತ್ತು ಕೊನೆಗೆ ಎಲ್ಲರೂ ಕೂಡಿ ಹಾಡುವ ಎರಡು ಹಾಡು. ನಡುವಿನ ಪ್ರವೇಶ, ನಿರ್ಗಮನ ಸೇರಿ 50 ನಿಮಿಷ. ಹೀಗೆ ಹಂಚಿಕೊಂಡರೆ ತಾಲೀಮು ಆಯಾ ಶಾಲೆಯಲ್ಲೇ ನಡೆಯುತ್ತದೆ: ವಾರಕ್ಕೆ ಎರಡು ದಿನ, ದಿನಕ್ಕೆ 45 ನಿಮಿಷ, 8 ವಾರ. ಎಲ್ಲ ಶಾಲೆಗಳೂ ಒಟ್ಟಾಗಲು ಎರಡು ಶನಿವಾರ ಸಾಕು. ಮೊದಲನೆಯದು 4ನೇ ವಾರದ ಒಳಗೇ ಆಗಲಿ. ಹಾಡು ಕೆಡುವುದು ಅಲ್ಲೇ ಗೊತ್ತಾಗುವುದು. ಒಬ್ಬೊಬ್ಬ ಶಿಕ್ಷಕರು ತಮ್ಮ ತಮ್ಮ ಶ್ರುತಿಯಲ್ಲಿ ಕಲಿಸಿರುತ್ತಾರೆ, 60 ಕಂಠ ಸೇರಿದಾಗ ಅಪಸ್ವರ. ಮೊದಲ ವಾರವೇ ಒಬ್ಬರು ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಐದೂ ಶಾಲೆಗೆ ಕಳಿಸಿದರೆ ಶ್ರುತಿ, ಲಯ ಎರಡೂ ಒಂದೇ ಆಗುತ್ತವೆ. ಗಂಡಸರು ತಮ್ಮ ಶ್ರುತಿಯಲ್ಲಿ ಹಾಡಿ ಕಳಿಸಬಾರದು. ಅದು ಮಕ್ಕಳಿಗೆ ತೀರಾ ತಗ್ಗಾಗಿ ದನಿಯೇ ಏಳುವುದಿಲ್ಲ.

ರಂಗಮಂದಿರಕ್ಕೆ ಹೋಗಿ ಟೇಪು ಹಿಡಿದು ರಂಗದ ಅಗಲ, ಆಳ ಅಳೆದು ತರುವುದು ಶಿಕ್ಷಕರ ಮೊದಲ ಕೆಲಸ. ಅದು 30 ಅಡಿಗೆ 24 ಅಡಿ ಎಂದಿದ್ದರೆ ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ಚೌಕ ಎಳೆದು ಅದರೊಳಗೇ ತಾಲೀಮು ಮಾಡಿಸಬೇಕು. ತರಗತಿಯ ಕೋಣೆಯಲ್ಲಿ ಕಲಿತ ಮಕ್ಕಳು ದೊಡ್ಡ ರಂಗದಲ್ಲೂ ಕೋಣೆಯಷ್ಟೇ ಜಾಗದಲ್ಲಿ ಮುದ್ದೆಯಾಗಿ ನಿಲ್ಲುತ್ತಾರೆ. ಇನ್ನು ಎಡ ಬಲದ ಗೊಂದಲ. ನಟನ ಬಲ ಪ್ರೇಕ್ಷಕನ ಎಡ ಎನ್ನುವುದು ದೊಡ್ಡವರಿಗೇ ತಲೆ ತಿನ್ನುತ್ತದೆ. ಒಂದು ಬದಿಯ ವಿಂಗಿಗೆ (ನಟರು ಒಳಬರುವ, ಹೊರಹೋಗುವ ಪಕ್ಕದ ಮರೆಗೆ) ಕೆಂಪು ಬಟ್ಟೆ, ಇನ್ನೊಂದಕ್ಕೆ ಹಳದಿ. ಮೈದಾನದಲ್ಲೂ ಅದೇ, ರಂಗಮಂದಿರದಲ್ಲೂ ಅದೇ. ‘ಕೆಂಪಿನಿಂದ ಬಂದು ಹಳದಿಗೆ ಹೋಗು’ ಎಂದರೆ 6 ವರ್ಷದ ಮಗುವೂ ತಪ್ಪುವುದಿಲ್ಲ.

ಈಗ ನಾಟಕದ ಹಿಂದಿನ ದಿನ ರಂಗಮಂದಿರದಲ್ಲಿ ಮಾಡಬೇಕಾದ ತಾಲೀಮಿನ ಮಾತು. ದೀಪ ಕಟ್ಟುವುದು, ಫೋಕಸ್ ಮಾಡುವುದು ಮಕ್ಕಳು ಬರುವ ಮೊದಲೇ ಮುಗಿದಿರಬೇಕು. ಏಣಿ ನಿಂತಿರುವಾಗ, ದೀಪ ತೂಗುಹಾಕುವ ಬಾರಿನ ಹಗ್ಗ ಸಡಿಲ ಇರುವಾಗ ಮಕ್ಕಳು ರಂಗದ ಮೇಲೆ ಇರಲೇಬಾರದು. ಫೋಕಸ್ ಮಾಡುವವರು ಎಸಗುವ ಒಂದು ತಪ್ಪು ಹೇಳಲೇಬೇಕು. ಐದೂವರೆ ಅಡಿಯ ಸಹಾಯಕನನ್ನು ನಿಲ್ಲಿಸಿ ಅವನ ಮುಖಕ್ಕೆ ಬೆಳಕು ಹೊಂದಿಸುತ್ತಾರೆ. ನಾಟಕದ ದಿನ ಆ ಬೆಳಕಿನ ನಡುಭಾಗ ಮಗುವಿನ ತಲೆಯ ಮೇಲಿಂದ ಹಾದು ಹಿಂದೆ ಬೀಳುತ್ತದೆ, ಮುಖ ಮಂಕು. 4 ಅಡಿ ಕೋಲಿನ ತುದಿಗೆ ಬಿಳಿ ಹಾಳೆ ಅಂಟಿಸಿ ಅದಕ್ಕೆ ಫೋಕಸ್ ಮಾಡಿದರೆ ಮುಗಿಯಿತು. ಪಕ್ಕದ ದೀಪಗಳನ್ನು ನೆಲದಲ್ಲಿಡದೆ 8 ಅಡಿ ಎತ್ತರದಲ್ಲಿ ಕಟ್ಟಿ, ಸ್ಟ್ಯಾಂಡಿನ ಕಾಲಿಗೆ ಮರಳ ಚೀಲ ಇಡಬೇಕು. ಹ್ಯಾಲೋಜನ್ ದೀಪ ಕೈಗೆ ಎಟುಕಿದರೆ ಮಗು ಮುಟ್ಟೇ ಮುಟ್ಟುತ್ತದೆ. ಪೂರ್ತಿ ಕತ್ತಲು ಮಾಡುವ ದೃಶ್ಯ ಬೇಡ. ವಿಂಗಿನಲ್ಲಿ ನೀಲಿ ದೀಪ ಸದಾ ಉರಿಯುತ್ತಿರಲಿ. ರಂಗದ ಮುಂದಿನ ಅಂಚಿಗೆ 2 ಅಡಿ ಒಳಗೆ ಬಿಳಿ ಟೇಪು ಹಾಕಿ, ಅದನ್ನು ದಾಟಬಾರದೆಂದು ಕಲಿಸಿ. ಹೊಗೆ ಯಂತ್ರವನ್ನೂ ಪಟಪಟ ಮಿಂಚುವ ದೀಪವನ್ನೂ ತರಲೇಬೇಡಿ. ಉಬ್ಬಸ ಇರುವ ಮಗು, ಫಿಟ್ಸ್ ಬರುವ ಮಗು ಯಾವುದೆಂದು ಎಲ್ಲ ಪಾಲಕರೂ ಹೇಳಿರುವುದಿಲ್ಲ.

ಬೆಳಗ್ಗೆ 9.30ಕ್ಕೆ ಮಕ್ಕಳು ಬಂದರೆ ಮೊದಲ 15 ನಿಮಿಷ ಸುಮ್ಮನೆ ರಂಗ ಸುತ್ತಲಿ, ಎದುರಿನ ಕುರ್ಚಿಯಲ್ಲಿ ಕೂತು ನೋಡಲಿ, ದೀಪ ಆರಿಸಿ ಹೊತ್ತಿಸಿ ತೋರಿಸಿ. ಆಮೇಲೆ ಶಾಲೆಗೆ 35 ನಿಮಿಷದಂತೆ ಪ್ರವೇಶ, ನಿರ್ಗಮನ ಮತ್ತು ಬೆಳಕು ಬದಲಾಗುವ ಜಾಗಗಳನ್ನಷ್ಟೇ ಮಾಡಿಸಬೇಕು. ಇಡೀ ಸಂಭಾಷಣೆ ಬೇಡ. ಉಳಿದ ನಾಲ್ಕು ಶಾಲೆಯವರು ಗ್ರೀನ್ ರೂಮಿನಲ್ಲಿ ಬೇಯುವ ಬದಲು ಸಭಾಂಗಣದಲ್ಲಿ ಕೂತು ನೋಡಲಿ, ನಾಟಕದ ಕತೆ ಇಡಿಯಾಗಿ ಅವರಿಗೆ ತಿಳಿಯುವುದೇ ಆಗ. ಊಟವಾದ ಮೇಲೆ ಒಂದು ಸಲ ಪೂರ್ತಿ ನಾಟಕ, 4 ಗಂಟೆಗೆ ಬಸ್ಸು. ಎರಡನೇ ಸಲ ಮಾಡಿಸುವ ಆಸೆ ಬೇಡ. ಮರುದಿನ ಆಡಬೇಕಾದ ದನಿ ಅಲ್ಲೇ ಒಡೆಯುತ್ತದೆ.

ದನಿಯ ಮಾತು ಬಂದಾಗ: ಸಂಭಾಷಣೆಯನ್ನು ಮೊದಲೇ ರೆಕಾರ್ಡ್ ಮಾಡಿ ಮಕ್ಕಳಿಂದ ಬರೀ ತುಟಿ ಆಡಿಸುವ ಚಾಳಿ ಬಿಡಬೇಕು. ಅದನ್ನು ನಾಟಕ ಎಂದು ಕರೆಯಲು ನಮಗೆ ಮನಸ್ಸಿಲ್ಲ. 60 ಮಕ್ಕಳಿಗೆ ಕಾಲರ್ ಮೈಕ್ ಒದಗಿಸಲಾಗದು, ಒಬ್ಬರಿಂದ ಒಬ್ಬರಿಗೆ ಬದಲಿಸುವಾಗ ತಂತಿ ಕಿತ್ತುಬರುತ್ತದೆ. ರಂಗದ ಮುಂದಂಚಿನಲ್ಲಿ 4 ಫ್ಲೋರ್ ಮೈಕ್ ಇಟ್ಟು, ಸ್ಪೀಕರುಗಳನ್ನು ಅವುಗಳಿಗಿಂತ ಮುಂದೆ ಪ್ರೇಕ್ಷಕರ ಕಡೆಗೆ ನಿಲ್ಲಿಸಿದರೆ ಸ್ಪೀಕರಿನಿಂದ ಕಿವಿಗಡಚಿಕ್ಕುವ ಕೀರಲು ಕೂಗು ಬರುವುದು ಕಡಿಮೆ. ಹಾರ್ಮೋನಿಯಂ, ತಬಲಾ ಮೇಳ ಪಕ್ಕದಲ್ಲಿ ಕೂತಿರಲಿ, ಮೈಕಿನಿಂದ ದೂರ. ಬರಿಗಾಲಿನ ಕುಣಿತ ಹಲಗೆಯ ಮೇಲೆ ಗುಡುಗಿನಂತೆ ಕೇಳುವುದರಿಂದ ಮಾತಿನ ಹೊತ್ತಿನಲ್ಲಿ ಹಿಂದಿನ ಸಾಲು ಕುಣಿಯಬಾರದು. ಸಾವಿರ ಆಸನದ ಸಭಾಂಗಣವಾದರೆ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದಿನ 15 ಸಾಲಿನಲ್ಲಿ ಕೂರಿಸಿ.

ಶೌಚಾಲಯದ ಲೆಕ್ಕ ಯಾರೂ ಹಾಕುವುದಿಲ್ಲ. ಗ್ರೀನ್ ರೂಮಿನ ಹಿಂದೆ ಎರಡೇ ಇದ್ದು, ಒಂದು ಮಗುವಿಗೆ 2 ನಿಮಿಷ ಹಿಡಿದರೂ 60 ಮಕ್ಕಳಿಗೆ ಪೂರ್ತಿ ಒಂದು ಗಂಟೆ. ಆದ್ದರಿಂದ ವೇಷ ಹಾಕುವ ಮೊದಲೇ ಶಾಲೆವಾರು ಕಳಿಸಬೇಕು. ಉಡುಪಿಗೆ ಸೇಫ್ಟಿ ಪಿನ್ ಬದಲು ಲಾಡಿ ಅಥವಾ ಎಲಾಸ್ಟಿಕ್ ಇದ್ದರೆ ತುರ್ತಿಗೆ ಬಿಚ್ಚಬಹುದು, ಪಂಚೆಯ ಅಂಚು ಪಾದದಿಂದ ಒಂದು ಗೇಣು ಮೇಲಿರಲಿ. ಬಣ್ಣ ಆದಷ್ಟು ಕಡಿಮೆ. ಒಂದೇ ಕಾಡಿಗೆ ಕಡ್ಡಿ 60 ಮಕ್ಕಳ ಕಣ್ಣಿಗೆ ಓಡಾಡಿದರೆ ವಾರದೊಳಗೆ ಐದೂ ಶಾಲೆಯಲ್ಲಿ ಕಣ್ಣುಬೇನೆ ಹರಡಬಹುದು. 8 ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ಅವರಲ್ಲಿ ಸಾಕಷ್ಟು ಹೆಂಗಸರು. ಬಸ್ಸು ಹತ್ತುವಾಗ, ರಂಗಮಂದಿರ ಹೊಕ್ಕಾಗ, ನಾಟಕಕ್ಕೆ ಮೊದಲು, ವಾಪಸು ಬಸ್ಸಿನಲ್ಲಿ ಹೆಸರು ಕೂಗಿ ಲೆಕ್ಕ. ಪಾಲಕರ ಒಪ್ಪಿಗೆ ಪತ್ರದಲ್ಲಿ ಫೋಟೊ ತೆಗೆಯುವ ಬಗ್ಗೆ ಬೇರೆ ಸಾಲು ಇರಲಿ.

ಕೊನೆಗೆ ವೇದಿಕೆ ಕಾರ್ಯಕ್ರಮ. ಅತಿಥಿಗಳು ಬರುವವರೆಗೆ ಮಕ್ಕಳು ಬಣ್ಣ ಹಚ್ಚಿಕೊಂಡು ಕಾಯುವುದು, ಆಮೇಲೆ ಸ್ವಾಗತ, ದೀಪ ಬೆಳಗುವುದು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಐದು ಭಾಷಣ. ಒಂದೂವರೆ ಗಂಟೆ ಕಳೆದ ಮೇಲೆ ರಂಗಕ್ಕೆ ಬರುವ ಒಂದನೇ ತರಗತಿಯ ಮಗುವಿಗೆ ನಿದ್ದೆ ಇಲ್ಲವೆ ಹಸಿವೆ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. 2004ರಿಂದ ನಡೆದುಬಂದ ಆ ಶಿಸ್ತಿಗೆ ಜನ ಹೊಂದಿಕೊಂಡಿದ್ದಾರೆ. ಮಕ್ಕಳ ನಾಟಕಕ್ಕೂ ಅದೇ ನಿಯಮ ಇಟ್ಟರೆ ಯಾರೂ ಮುನಿಸಿಕೊಳ್ಳಲಾರರು. ಅಭಿನಂದನೆ ನಾಟಕದ ನಂತರ 10 ನಿಮಿಷದಲ್ಲಿ ಮುಗಿಯಲಿ. ಪ್ರದರ್ಶನ ಬೆಳಗ್ಗೆ 11ಕ್ಕೆ ಇದ್ದರೆ ಹಳ್ಳಿಯ ಮಕ್ಕಳು ಹಗಲಲ್ಲೇ ಮನೆ ಸೇರುತ್ತಾರೆ.

ಎರಡು ದಿನ ಎಂದರೆ ಬಾಡಿಗೆ ಎರಡರಷ್ಟು, ಸರ್ಕಾರಿ ಶಾಲೆಗಳ ಕೈಯಲ್ಲಿ ಅದು ಆಗದು. ಸಂಜೆಯ ಕಾರ್ಯಕ್ರಮ ಇಲ್ಲದ ವಾರದ ದಿನಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳು ಒಟ್ಟಾಗಿ ಕೇಳಿದರೆ ತಾಲೀಮಿನ ದಿನಕ್ಕೆ ಬಾಡಿಗೆ ಇಲ್ಲ, ವಿದ್ಯುತ್ ಮತ್ತು ಸಿಬ್ಬಂದಿ ವೆಚ್ಚ ಮಾತ್ರ ಎಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಆದೇಶ ಹೊರಡಿಸಲಿ. ಆ ಎರಡು ದಿನ ಅಕ್ಷರ ದಾಸೋಹದ ಬಿಸಿಯೂಟವನ್ನು ರಂಗಮಂದಿರಕ್ಕೇ ತರಿಸಿಕೊಳ್ಳಲು ಶಿಕ್ಷಣ ಇಲಾಖೆ ಅನುಮತಿ ಕೊಡಲಿ. ಅರ್ಜಿಗಳನ್ನು ಜುಲೈ ಒಳಗೆ ಕರೆದರೆ ಡಿಸೆಂಬರಿನ ನಾಟಕಕ್ಕೆ ಶಾಲೆಗಳು ಸೆಪ್ಟೆಂಬರಿನಲ್ಲೇ ತಾಲೀಮು ಹಿಡಿಯಬಹುದು.

— ಮಕ್ಕಳ ನಾಟಕಗಳಲ್ಲಿ ತೊಡಗಿರುವ ಶಿಕ್ಷಕರು ಮತ್ತು ರಂಗ ತಂತ್ರಜ್ಞರು