ಟಿಕೆಟ್ ಉಚಿತ, ಬಸ್ ಎಲ್ಲಿ?

ಮಾನ್ಯ ಸಂಪಾದಕರೇ,

ಸಮಾವೇಶಕ್ಕೆ ಸರ್ಕಾರಿ ಬಸ್ ಕಳಿಸಿ ಕೊಡಗಿನ ಹಳ್ಳಿ ಟ್ರಿಪ್‌ಗಳನ್ನು ರದ್ದು ಮಾಡಿದ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಪ್ರಯಾಣಿಕರಿಗೆ ಬದಲಿ ವ್ಯವಸ್ಥೆ ಮಾಡಲಾಗಿತ್ತು ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ಎಲ್ಲಿತ್ತು ಸ್ವಾಮಿ ಆ ಬದಲಿ ವ್ಯವಸ್ಥೆ? ಚೆಟ್ಟಳ್ಳಿ, ಸಿದ್ದಾಪುರ ಕಡೆಗೆ ಹೋಗುವ ನಾವೆಲ್ಲ ಆ ಸಂಜೆ ಮಡಿಕೇರಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದೆವು. ನಮ್ಮ ಕಣ್ಣಿಗಂತೂ ಯಾವ ವ್ಯವಸ್ಥೆಯೂ ಬೀಳಲಿಲ್ಲ.

ಕೌಂಟರಿನಲ್ಲಿ ಕೇಳಿದಾಗ ಮೊದಲು 'ಬರುತ್ತೆ, ಕಾಯಿರಿ' ಎಂದರು. ತುಂಬಾ ಹೊತ್ತಿನ ಮೇಲೆ ಮತ್ತೆ ಕೇಳಿದರೆ 'ಇವತ್ತು ಆ ಟ್ರಿಪ್ ಇಲ್ಲ' ಎಂದರು. ಅಷ್ಟರಲ್ಲಿ ಖಾಸಗಿ ಬಸ್ಸಿನ ಕೊನೇ ಟ್ರಿಪ್ಪೂ ಹೊರಟು ಹೋಗಿತ್ತು. ಬಸ್ ಬರಲ್ಲ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಅದಕ್ಕಾದರೂ ಹತ್ತುತ್ತಿದ್ದೆವು. ಬಸ್ ಕಳಿಸಲು ಕಷ್ಟ ಇರಬಹುದು, ಬಾಯಿ ಬಿಟ್ಟು ಹೇಳಲು ಏನು ಕಷ್ಟ?

ಕತ್ತಲು, ಮಳೆ, ಮೇಲಿಂದ ಆನೆ ಓಡಾಡುವ ದಾರಿ. ಆಟೋದವರು ಬರಲು ಒಪ್ಪಲಿಲ್ಲ. ಕೊನೆಗೆ ಒಪ್ಪಿದವರು ಕೇಳಿದ ಬಾಡಿಗೆ ನನ್ನ ಒಂದು ದಿನದ ಸಂಬಳಕ್ಕಿಂತ ಜಾಸ್ತಿ. ಹೆಂಗಸರೆಲ್ಲ ಸೇರಿ ಹಂಚಿಕೊಂಡೆವು. ಜೊತೆಗಿದ್ದ ಇಬ್ಬರು ಮೇನ್ ರೋಡಿನಲ್ಲಿ ಇಳಿದು ತೋಟದೊಳಗಿನ ಲೈನ್ ಮನೆಗೆ (ಕಾರ್ಮಿಕರ ಸಾಲು ಮನೆ) ನಡೆದೇ ಹೋಗಬೇಕಿತ್ತು. ಮೀನುಕೊಲ್ಲಿ ಕಾಡಿನ ಕಡೆ ಕತ್ತಲಾದ ಮೇಲೆ ರಸ್ತೆಯಲ್ಲೇ ಆನೆ ನಿಂತಿರುತ್ತದೆ ಅನ್ನುವುದು ಈ ಜಿಲ್ಲೆಯ ಮಗುವಿಗೂ ಗೊತ್ತು. ಬಸ್ ಬಿಡುವವರಿಗೆ ಮಾತ್ರ ಗೊತ್ತಿಲ್ಲ. ಮನೆ ಸೇರುವಾಗ ಮಕ್ಕಳು ಊಟ ಮಾಡದೆ ಮಲಗಿದ್ದರು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಟಿಕೆಟ್ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಿಂದ ನಡೆಯುತ್ತಿದೆ. ಒಳ್ಳೆಯ ಯೋಜನೆ. ನಿಲ್ಲಿಸಿ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. 2025ರ ಜುಲೈನಲ್ಲಿ 500 ಕೋಟಿ ಟಿಕೆಟ್ ಆಯಿತು ಅಂತ ಸರ್ಕಾರ ಸಂಭ್ರಮ ಪಟ್ಟಿತು. ಅದರಲ್ಲಿ ನಮ್ಮ ಒಳ ಊರುಗಳ ಹೆಂಗಸರ ಪಾಲು ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಕೊಡಗಿನ ಎಷ್ಟೋ ಒಳ ದಾರಿಗಳಲ್ಲಿ ಓಡುವುದು ಖಾಸಗಿ ಬಸ್. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ, ದುಡ್ಡು ಕೊಟ್ಟೇ ಹೋಗಬೇಕು. ಕಾಲೇಜು ಮಕ್ಕಳ ಸರ್ಕಾರಿ ಪಾಸ್ ಕಥೆಯೂ ಅದೇ.

ತಪ್ಪಿರುವುದು ದುಡ್ಡು ಕೊಡುವ ಕ್ರಮದಲ್ಲಿ. ಉಚಿತ ಟಿಕೆಟ್ ಎಷ್ಟು ಹರಿದರೋ ಅದರ ಲೆಕ್ಕದಲ್ಲಿ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ಕೊಡುತ್ತದೆ. ಅದೂ ಸರಿಯಾದ ಸಮಯಕ್ಕೆ ಬರಲ್ಲ. ಬಸ್ ತುಂಬುವ ಕಡೆ ಟಿಕೆಟ್ ಜಾಸ್ತಿ, ಹಣವೂ ಜಾಸ್ತಿ. ಬಸ್ಸೇ ಇಲ್ಲದ ದಾರಿಯಲ್ಲಿ ಟಿಕೆಟ್ ಎಲ್ಲಿಂದ ಹರಿಯಬೇಕು? ನಮ್ಮದು ಏರು ಇಳಿತದ ರಸ್ತೆ. ಡೀಸೆಲ್ ಜಾಸ್ತಿ ಬೇಕು, ಟಯರ್ ಬೇಗ ಸವೆಯುತ್ತದೆ. ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಹಾಗಾಗಿ ಹತ್ತುವ ಜನ ಕಡಿಮೆ. ಅವರ ಪುಸ್ತಕದಲ್ಲಿ ನಾವು ಯಾವಾಗಲೂ ಲಾಸ್ ರೂಟ್. ಸಮಾವೇಶಕ್ಕೆ ಬಸ್ ಕೊಟ್ಟರೆ ಖಾಲಿ ಸೀಟಿನ ಚಿಂತೆ ಇಲ್ಲ, ಬಾಡಿಗೆ ಲೆಕ್ಕ ಹಾಕಿ ಬರುತ್ತದೆ. ಅದಕ್ಕೇ ಮೊದಲು ಕತ್ತರಿ ಬೀಳುವುದು ನಮ್ಮ ಟ್ರಿಪ್ಪಿಗೆ. ಹಳ್ಳಿ ಬಸ್ ಓಡಿದ ಕಿಲೋಮೀಟರಿಗೂ ಸರ್ಕಾರ ಹೀಗೇ ದುಡ್ಡು ಕೊಡಲಿ. ಓಡದಿದ್ದರೆ ಒಂದು ಪೈಸೆಯೂ ಬೇಡ. ಆಗ ಯಾರು ಟ್ರಿಪ್ ತಪ್ಪಿಸುತ್ತಾರೆ ನೋಡೋಣ.

2025ರ ಜನವರಿ 5ರಿಂದ ಟಿಕೆಟ್ ದರ ಶೇ 15ರಷ್ಟು ಏರಿಸಿದರು. ಅದೇ ಹೊತ್ತಿಗೆ ನಿಗಮಗಳ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲಕ್ಕೂ ಒಪ್ಪಿಗೆ ಕೊಟ್ಟರು. ಗಂಡಸರು ಏರಿದ ದರ ಕೊಟ್ಟೇ ಓಡಾಡುತ್ತಿದ್ದಾರೆ. ಆದರೂ ಅದೇ ವರ್ಷ ಆಗಸ್ಟ್ 5ಕ್ಕೆ ನೌಕರರು ಸಂಬಳ ಏರಿಕೆಯ 38 ತಿಂಗಳ ಹಿಂಬಾಕಿ ಕೇಳಿಕೊಂಡು ಮುಷ್ಕರಕ್ಕೆ ಇಳಿಯಬೇಕಾಯಿತು. ಡ್ರೈವರ್, ಕಂಡಕ್ಟರುಗಳನ್ನು ನಾನು ಬೈಯುವುದಿಲ್ಲ. ಮಳೆಗಾಲದ ಮಂಜಿನಲ್ಲಿ ಈ ತಿರುವುಗಳಲ್ಲಿ ಬಸ್ ಓಡಿಸುವವರು ಅವರು. ದರ ಏರಿಸಿಯೂ ಸಾಲ, ಸಾಲ ಮಾಡಿಯೂ ಬಾಕಿ, ಅಷ್ಟಾದರೂ ನಮಗೆ ಬಸ್ ಇಲ್ಲ. ಇದು ಎಂಥ ಲೆಕ್ಕ?

ಕೊಡಗಿಗೆ ರೈಲು ಇಲ್ಲ. ಬಸ್ ಬಿಟ್ಟರೆ ಬಡವರಿಗೆ ಬೇರೆ ಗತಿ ಇಲ್ಲ. ಮೂರಿದ್ದ ತಾಲ್ಲೂಕು ಐದಾಯಿತು. ಕಚೇರಿ ಬಂತು, ಬೋರ್ಡು ಬಂತು, ಜೀಪು ಬಂತು. ಸಂಜೆ ಬಸ್ ಮಾತ್ರ ಒಂದೂ ಜಾಸ್ತಿಯಾಗಲಿಲ್ಲ. ಕುಂದುಕೊರತೆ ಸಭೆಯಲ್ಲಿ ಮನವಿ ಕೊಟ್ಟರೆ 'ಮೇಲಕ್ಕೆ ಕಳಿಸಿದ್ದೇವೆ' ಎನ್ನುತ್ತಾರೆ. ಮೇಲೆ ಅಂದರೆ ಎಲ್ಲಿ? ನಮ್ಮ ಬಸ್ಸಿನ ತೀರ್ಮಾನ ಆಗುವ ಕಚೇರಿ ಇರುವುದು ಘಟ್ಟದ ಕೆಳಗೆ. ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇರುತ್ತದೆ. ನಮ್ಮ ಸ್ಟಾಪಿನ ತಂಗುದಾಣದ ಶೀಟು ಗಾಳಿಗೆ ಹಾರಿ ಹೋಗಿದೆ, ಅದನ್ನು ಕೇಳುವವರೂ ಇಲ್ಲ. ವಾರದ ಕೊನೆಗೆ ಪ್ರವಾಸಿಗರು ಬರುತ್ತಾರೆ ಅಂದರೆ ಎಲ್ಲ ಇಲಾಖೆಗಳೂ ಎಚ್ಚರವಾಗುತ್ತವೆ. ಬೆಂಗಳೂರಿಗೆ, ಮೈಸೂರಿಗೆ ಬೇಕಾದಷ್ಟು ಬಸ್ ಇವೆ. ಇಲ್ಲೇ ಹುಟ್ಟಿ ಇಲ್ಲೇ ದುಡಿಯುವವರು ಮನೆಗೆ ಹೋಗುವುದು ಬೇಡವಾ?

ಒಳ ದಾರಿಗಳಿಗೆ ಬೇರೆಯೇ ಅನುದಾನ ಇಡಿ. ಅದಾಗದಿದ್ದರೆ ಖಾಸಗಿ ಬಸ್ಸಿನಲ್ಲೂ ಶಕ್ತಿ ಟಿಕೆಟ್ ನಡೆಯುವಂತೆ ಮಾಡಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಏನಾದರೊಂದು ಮಾಡಿ, ಸುಮ್ನೆ ಹೇಳಿಕೆ ಕೊಡಬೇಡಿ. ಜಿಲ್ಲೆಯ ಇಬ್ಬರು ಶಾಸಕರೂ ಮುಂದಿನ ಬಜೆಟ್‌ಗೆ ಮೊದಲೇ ಇದನ್ನು ಸದನದಲ್ಲಿ ಎತ್ತಬೇಕು. ಎತ್ತದಿದ್ದರೆ, ಮುಂದಿನ ಸಲ ಮತ ಕೇಳಲು ಬರುವವರು ಯಾರೇ ಆಗಲಿ, ಕಾರು ಬಿಟ್ಟು ಸಂಜೆ ಬಸ್ಸಿನಲ್ಲೇ ಬರಲಿ.

ಇಂತಿ,
ಒಬ್ಬ ಪ್ರಯಾಣಿಕೆ,
ಚೆಟ್ಟಳ್ಳಿ